ಮನೆಯ ನ್ಯಾಸ್ ಮತ್ತು ರೂಟರ್: ತೊಂದರೆಗಳು, ಪರಿಹಾರಗಳು

ಛತ್ರಪತಿ ಸಂಭಾಜಿನಗರದಿಂದ ಪೈಠಣದ ಕಡೆಗೆ ಸುಮಾರು 20 ಕಿಲೋಮೀಟರ್ ಸಾಗಿದರೆ ಬಿಡಕಿನ್ ಸಿಗುತ್ತದೆ. ದೆಹಲಿ–ಮುಂಬಯಿ ಕೈಗಾರಿಕಾ ಕಾರಿಡಾರಿನ ಅಂಗವಾದ ಇಲ್ಲಿನ ಕೈಗಾರಿಕಾ ಪ್ರದೇಶವು 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಉದ್ಯೋಗನಿಮಿತ್ತ ಇಂತಹ ಊರುಗಳಿಗೆ ಬಂದು ನೆಲೆಸಿದ ಕನ್ನಡ ಮನೆಗಳಲ್ಲಿ ಮದುವೆಯ ಚಿತ್ರಗಳು, ಅಜ್ಜಿಯ ಹಾಡುಗಳ ಧ್ವನಿಮುದ್ರಣ, ಊರಿನ ಜಮೀನಿನ ಕಾಗದಪತ್ರಗಳ ಪ್ರತಿಗಳು ಇವೆಲ್ಲವೂ ಈಗ ಒಂದು ಪುಟ್ಟ ಪೆಟ್ಟಿಗೆಯೊಳಗೆ ಸೇರಿಕೊಂಡಿರುತ್ತವೆ. ಆ ಪೆಟ್ಟಿಗೆ ಒಂದು ದಿನ ಮೌನವಾದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತಿದ್ದೇವೆ.

ದೋಷ ಎಲ್ಲಿದೆ?

ರೂಟರ್ ಹೊರಗಿನ ಅಂತರಜಾಲ ಸಂಪರ್ಕವನ್ನು ಮನೆಯೊಳಗೆ ಹಂಚುತ್ತದೆ. ನ್ಯಾಸ್ ಎಂಬುದು ಹಾರ್ಡ್ ಡಿಸ್ಕ್‌ಗಳನ್ನು ಹೊತ್ತ ಒಂದು ಸ್ವತಂತ್ರ ಗಣಕಯಂತ್ರ. ಅಂತರಜಾಲ ನಿಂತುಹೋದರೂ ಮನೆಯೊಳಗೆ ನ್ಯಾಸ್ ತೆರೆದುಕೊಳ್ಳಬೇಕು. ಆದುದರಿಂದ ಮೊದಲು ರೂಟರಿನ ತಳದ ಚೀಟಿಯಲ್ಲಿ ಮುದ್ರಿಸಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಬ್ರೌಸರಿನಲ್ಲಿ ತೆರೆದು ನೋಡಿರಿ. ಅದು ತೆರೆದು, ಹೊರಗಿನ ತಾಣಗಳು ಮಾತ್ರ ಬಾರದಿದ್ದರೆ ದೋಷ ಬಹುಮಟ್ಟಿಗೆ ಹೊರಗಿನ ಸಂಪರ್ಕದ್ದು. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತ ತಲುಪುತ್ತಿಲ್ಲವೆಂದು ಅರ್ಥ. ತಂತಿ ಎಲ್ಲಾದರೂ ಮಡಚಿದೆಯೇ ಎಂದು ನೋಡಿ, ಸೇವೆ ಒದಗಿಸುವವರಿಗೆ ತಿಳಿಸುವುದೊಂದೇ ದಾರಿ.

ಆರಿಸಿ ಹಚ್ಚುವುದು ಬೇರೆ, ರೀಸೆಟ್ ಬೇರೆ. ಒಮ್ಮೆ ನಾವೇ ಅವಸರದಲ್ಲಿ ರೂಟರಿನ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ, ಸಂಪರ್ಕದ ಬಳಕೆದಾರ ಹೆಸರು ಹಾಗೂ ಪಾಸ್‌ವರ್ಡ್ ಅಳಿಸಿಕೊಂಡು, ಎರಡು ದಿನ ಅಂತರಜಾಲವಿಲ್ಲದೆ ಕುಳಿತದ್ದುಂಟು. ಆ ವಿವರಗಳನ್ನು ಕಾಗದದಲ್ಲಿ ಬರೆದಿಡುವುದು ಒಳ್ಳೆಯದು.

ನ್ಯಾಸ್ ಕಾಣಿಸದಿದ್ದಾಗ

ಇದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

1. ವಿದ್ಯುತ್ ಹೋಗಿ ಬಂದ ಮೇಲೆ ರೂಟರ್ ನ್ಯಾಸಿಗೆ ಹೊಸ ವಿಳಾಸ ಕೊಟ್ಟಿರಬಹುದು. ರೂಟರಿನ ಪಟ್ಟಿಯಲ್ಲಿ ಹೊಸ ವಿಳಾಸವನ್ನು ಹುಡುಕಿ, ಅದನ್ನು ನ್ಯಾಸಿಗೇ ಕಾಯ್ದಿರಿಸಿರಿ.

2. ವಿಳಾಸ 169.254 ಎಂದು ಆರಂಭವಾಗಿದ್ದರೆ ನ್ಯಾಸಿಗೆ ರೂಟರಿನಿಂದ ವಿಳಾಸವೇ ದೊರೆತಿಲ್ಲ. ಕೇಬಲ್ ಬದಲಿಸಿ ನೋಡಿರಿ.

3. ಸೇವೆಯವರು ಕೊಟ್ಟ ರೂಟರಿನ ಹಿಂದೆ ನಾವು ಕೊಂಡ ಇನ್ನೊಂದು ರೂಟರ್ ಇದ್ದರೆ ಮನೆಯಲ್ಲಿ ಎರಡು ಜಾಲಗಳಾಗುತ್ತವೆ. ನ್ಯಾಸ್ ಒಂದರಲ್ಲಿ, ಫೋನ್ ಇನ್ನೊಂದರಲ್ಲಿ ಇದ್ದರೆ ಒಂದಕ್ಕೊಂದು ಕಾಣದಿರಬಹುದು. ಎರಡನೆಯದನ್ನು ‘ಆಕ್ಸೆಸ್ ಪಾಯಿಂಟ್’ ಕ್ರಮಕ್ಕೆ ಬದಲಿಸಿದರೆ ತೊಂದರೆ ತೀರುತ್ತದೆ. ಅತಿಥಿಗಳಿಗೆಂದು ಇಟ್ಟ ವೈಫೈನಿಂದಲೂ ನ್ಯಾಸ್ ಸಾಮಾನ್ಯವಾಗಿ ಕಾಣುವುದಿಲ್ಲ.

4. ಹಳೆಯ ನ್ಯಾಸ್‌ಗಳು ಬಳಸುವ ‘ಎಸ್‌ಎಂಬಿ 1’ ಎಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ 2017ರಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಕೈಬಿಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಪಿಡುಗು ಹರಡಿದ್ದು ಈ ಪದ್ಧತಿಯಲ್ಲಿನ ಬಿರುಕಿನಿಂದಲೇ. ಅದನ್ನು ಮರಳಿ ಚಾಲನೆಗೊಳಿಸುವ ಬದಲು ನ್ಯಾಸಿನ ತಂತ್ರಾಂಶವನ್ನು ನವೀಕರಿಸುವುದು ಕ್ಷೇಮ.

ವೇಗ ಕುಂದಿದಾಗ

ಗಿಗಾಬಿಟ್ ಸಂಪರ್ಕಕ್ಕೆ ಕೇಬಲಿನೊಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು. ಒಂದು ಜೋಡಿ ತುಂಡಾದರೂ ಅನೇಕ ಸಲ ವೇಗ ಸೆಕೆಂಡಿಗೆ 100 ಮೆಗಾಬಿಟ್‌ಗೆ ಇಳಿಯುತ್ತದೆ. ಆಗ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಮಾತ್ರ ಸಾಗುವುದರಿಂದ, ಒಂದೂಕಾಲು ಗಂಟೆಯಲ್ಲಿ ಮುಗಿಯಬಹುದಾದ 500 ಗಿಗಾಬೈಟ್ ಪ್ರತಿ ತೆಗೆಯುವ ಕೆಲಸಕ್ಕೆ ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತದೆ. ಅಗ್ಗದ ಒಂದು ಕೇಬಲ್ ಬದಲಿಸಿದರೆ ಸಾಕು.

ಡಿಸ್ಕ್ ಕೆಟ್ಟಾಗ

ಇಲ್ಲಿ ತಾಳ್ಮೆಯೇ ಮದ್ದು. ಟಕ್ ಟಕ್ ಸದ್ದು ಬರುತ್ತಿದ್ದರೆ ಒಡನೆ ಯಂತ್ರವನ್ನು ಆರಿಸಿರಿ. ಮತ್ತೆ ಮತ್ತೆ ಹಚ್ಚಿದಷ್ಟೂ ಹಾನಿ ಹೆಚ್ಚು. ನ್ಯಾಸಿನ ಡಿಸ್ಕನ್ನು ಬಿಚ್ಚಿ ವಿಂಡೋಸ್ ಗಣಕಕ್ಕೆ ಜೋಡಿಸಿದರೆ ಅದು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಡಿಸ್ಕ್ ಕೆಟ್ಟಿದೆಯೆಂದಲ್ಲ, ಲಿನಕ್ಸ್ ವಿನ್ಯಾಸವನ್ನು ವಿಂಡೋಸ್ ಓದಲಾರದೆಂದು ಅದರ ಅರ್ಥ. ‘ಬೇಡ’ ಎಂದೇ ಉತ್ತರಿಸಿರಿ. ಎರಡು ಡಿಸ್ಕ್‌ಗಳ ಕನ್ನಡಿ ಜೋಡಣೆಯಲ್ಲಿ ಒಂದು ಕೆಟ್ಟರೆ, ಮೊದಲು ಉಳಿದುದರಿಂದ ಮುಖ್ಯ ಕಡತಗಳನ್ನು ಬೇರೆಡೆಗೆ ಪ್ರತಿಮಾಡಿ, ಕೆಟ್ಟದ್ದು ಯಾವ ಕಂಡಿಯದೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊಸದನ್ನು ಹಾಕಬೇಕು.

ಕನ್ನಡಿ ಜೋಡಣೆ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಕೈತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕ್‌ಗಳಿಂದ ಏಕಕಾಲಕ್ಕೆ ಅಳಿಯುತ್ತದೆ. 2021ರ ಜೂನ್‌ನಲ್ಲಿ ‘ಮೈ ಬುಕ್ ಲೈವ್’ ಎಂಬ ಸಾಧನಗಳನ್ನು ದುಷ್ಕರ್ಮಿಗಳು ದೂರದಿಂದಲೇ ರೀಸೆಟ್ ಮಾಡಿದಾಗ ಜಗತ್ತಿನಾದ್ಯಂತ ಅನೇಕರ ಸಂಗ್ರಹ ಅಳಿದುಹೋಯಿತು. ಆ ಸಾಧನಗಳಿಗೆ 2015ರ ನಂತರ ನವೀಕರಣವೇ ಬಂದಿರಲಿಲ್ಲ. 2018ರಲ್ಲಿ ‘ವಿಪಿಎನ್‌ಫಿಲ್ಟರ್’ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರ್ ಹಾಗೂ ನ್ಯಾಸ್‌ಗಳನ್ನು ಹೊಕ್ಕಿತ್ತು. ಆದುದರಿಂದ ಮೂಲ ಪಾಸ್‌ವರ್ಡ್ ಬದಲಿಸಿರಿ; ನ್ಯಾಸಿಗೆ ಹೊರಗಿನಿಂದ ನೇರ ಬಾಗಿಲು ತೆರೆದಿಡಬೇಡಿರಿ; ನವೀಕರಣ ನಿಂತ ಸಾಧನವನ್ನು ಅಂತರಜಾಲದಿಂದ ಬೇರ್ಪಡಿಸಿರಿ.

ಮುನ್ನೆಚ್ಚರಿಕೆ

ಮರಾಠವಾಡದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಅಪರೂಪವಲ್ಲ. ನ್ಯಾಸನ್ನು ಮುಚ್ಚಿದ ಕಪಾಟಿನಲ್ಲಿಡದೆ ಗಾಳಿಯಾಡುವಲ್ಲಿಡಿರಿ, ಯುಪಿಎಸ್ ಜೋಡಿಸಿರಿ. ತಿಂಗಳಿಗೊಮ್ಮೆ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು, ತೆಗೆದ ಮೇಲೆ ಕಳಚಿಡಿರಿ. ಇನ್ನೊಂದು ಪ್ರತಿ, ರಜೆಗೆ ಹೋದಾಗ ಊರಿನ ಅಣ್ಣನ ಮನೆಯ ಬೀರುವಿಗೆ ಸೇರಲಿ. ಆಗಾಗ ಆ ಪ್ರತಿಯಿಂದ ಒಂದೆರಡು ಚಿತ್ರಗಳನ್ನು ತೆರೆದು ನೋಡಿರಿ. ತೆರೆಯಲಾಗದ ಪ್ರತಿಯನ್ನು ಪ್ರತಿಯೆನ್ನಲಾಗದು.

ಪೆಟ್ಟಿಗೆ ಕೆಟ್ಟರೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಅಜ್ಜಿಯ ದನಿ ಸಿಗುವುದಿಲ್ಲ. ಈ ಭಾನುವಾರವೇ ಒಂದು ಪ್ರತಿ ತೆಗೆದಿಡಿರೆಂದು ಓದುಗರಲ್ಲಿ ನಮ್ಮ ವಿನಂತಿ.