ಒಂದೇ ಮೈಕಿನ ಮುಂದೆ ಇಬ್ಬರು

ಇಂಗ್ಲಿಷಿನ ‘ಕಂಟ್ರಿ’ ಎಂಬ ಮಾತಿಗೆ ದೇಶವೆಂದು ಶಾಲೆಯಲ್ಲಿ ಅರ್ಥ ಹೇಳಿಕೊಡುತ್ತೇವೆ. ಅಮೆರಿಕದವರು ‘ಕಂಟ್ರಿ ಸಂಗೀತ’ ಎಂದಾಗ ಆ ಅರ್ಥ ಹೊಂದುವುದಿಲ್ಲ. ಅದು ಹಳ್ಳಿಗಾಡಿನ ಸಂಗೀತ. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ದೇಸಿ. ಬ್ರಿಟನ್, ಐರ್ಲೆಂಡುಗಳಿಂದ ಹೋಗಿ ಅಪಲೇಚಿಯನ್ ಬೆಟ್ಟಗಳಲ್ಲಿ ನೆಲೆನಿಂತ ಬಡವರ ಕಥನಗೀತೆಗಳೂ, ಆಫ್ರಿಕದಿಂದ ಗುಲಾಮರಾಗಿ ಬಂದವರ ಬ್ಯಾಂಜೊ ವಾದ್ಯವೂ, ಚರ್ಚಿನ ಹಾಡುಗಳೂ ಬೆರೆತು ಬೆಳೆದದ್ದು.

ಇದನ್ನು ಮನೆಮನೆಗೆ ಮುಟ್ಟಿಸಿದ್ದು ರೇಡಿಯೊ. ಟೆನೆಸಿ ಸಂಸ್ಥಾನದ ನ್ಯಾಷ್‌ವಿಲ್ ನಗರದ ನಿಲಯವು 1925ರಲ್ಲಿ ಆರಂಭಿಸಿದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಮೈಕು ಬಂದ ಮೇಲೆ ಗಂಟಲು ಹರಿಯುವಂತೆ ಕೂಗಿ ಹಾಡುವ ಅಗತ್ಯ ತಪ್ಪಿತು. ಇಬ್ಬರು ಅದರ ಮುಂದೆ ನಿಂತು ಮೆಲುದನಿಯಲ್ಲಿ ಹಾಡಿದರೂ ನೂರು ಮೈಲಿಯಾಚೆಯ ಅಡಿಗೆಮನೆಗೆ ಕೇಳಿಸುತ್ತಿತ್ತು. 1930ರ ದಶಕದಲ್ಲಿ ಡೆಲ್ಮೋರ್ ಸೋದರರು, ಮನ್ರೋ ಸೋದರರು ಮುಂತಾದ ಅಣ್ಣತಮ್ಮಂದಿರ ಜೋಡಿಗಳು ಹೀಗೆ ಹೆಸರಾದುವು. ನಮ್ಮ ಕಛೇರಿಯಲ್ಲಿ ಇಬ್ಬರು ಕೂಡಿ ಹಾಡಿದರೆ ಸ್ವರ ಒಂದೇ. ಅವರಲ್ಲಿ ಹಾಗಲ್ಲ, ಒಬ್ಬನು ಷಡ್ಜದಲ್ಲಿ ನಿಂತರೆ ಇನ್ನೊಬ್ಬನು ಅದೇ ಮಾತನ್ನು ಅದೇ ಗಳಿಗೆಯಲ್ಲಿ ಗಾಂಧಾರದಲ್ಲಿ ಹಾಡುತ್ತಾನೆ. ಮೊದಲ ಸಲ ಕೇಳಿದಾಗ ನನಗೆ ಇದು ಅಪಸ್ವರವೆಂದೇ ತೋರಿತ್ತು. ಕಿವಿ ಪಳಗಿದ ಮೇಲೆ ಎರಡು ಕಂಠಗಳ ನಡುವೆ ಮೂರನೆಯದೊಂದು ಹುಟ್ಟಿದಂತೆ ಭಾಸವಾಗುತ್ತದೆ.

ಈ ಪರಂಪರೆಗೆ ತಡವಾಗಿ ಬಂದು ಸೇರಿದವರು ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್. ಅವರು ಬೆಟ್ಟದ ಮಕ್ಕಳಲ್ಲ. ಆಕೆ ಬೆಳೆದದ್ದು ಲಾಸ್ ಏಂಜಲೀಸಿನಲ್ಲಿ, ಟೆಲಿವಿಷನ್ ಕಾರ್ಯಕ್ರಮಕ್ಕೆ ಸಂಗೀತ ರಚಿಸುತ್ತಿದ್ದ ಸಾಕುತಂದೆ ಸಾಕುತಾಯಿಯರ ಮನೆಯಲ್ಲಿ. ಆತ ಕಡಲ ತಡಿಯ ರೋಡ್ ಐಲೆಂಡಿನವನು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪರಿಚಯವಾಗಿ, 1990ರ ದಶಕದ ಆರಂಭದಲ್ಲಿ ನ್ಯಾಷ್‌ವಿಲ್ಲಿಗೆ ಬಂದರು. 1996ರಲ್ಲಿ ‘ರಿವೈವಲ್’ ಎಂಬ ಮೊದಲ ಧ್ವನಿಮುದ್ರಿಕೆ ಹೊರಬಂದಾಗ, ಪಟ್ಟಣದ ಹುಡುಗಿಗೆ ಹಳ್ಳಿಯ ದುಃಖ ಹಾಡುವ ಹಕ್ಕೇನೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ಇದು ನನಗೆ ಸರಿತೋರುವುದಿಲ್ಲ. ಆಸ್ಥಾನದಲ್ಲಿದ್ದ ಮಾತ್ರಕ್ಕೆ ನಮ್ಮ ಪಂಪನು ದೇಸಿಯನ್ನು ಬಿಟ್ಟನೆ?

1998ರಲ್ಲಿ ಎರಡನೆಯ ಮುದ್ರಿಕೆ ಬಂದಿತು. ಆಮೇಲೆ ಅವರ ಕಂಪನಿ ದೊಡ್ಡ ಸಂಸ್ಥೆಯೊಂದರ ಪಾಲಾಯಿತು. ಇಲ್ಲಿ ಧ್ವನಿಮುದ್ರಣದ ವ್ಯವಹಾರವನ್ನು ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಕಂಪನಿ ಮುಂಗಡ ಕೊಡುತ್ತದೆ, ಅದನ್ನು ಗಾಯಕರ ಪಾಲಿನಿಂದಲೇ ಮುರಿದುಕೊಳ್ಳುತ್ತದೆ, ಮೂಲ ಟೇಪನ್ನು ಮಾತ್ರ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಸಾಲ ತೀರಿದರೂ ಅಡವಿಟ್ಟ ಒಡವೆ ಮರಳಿ ಬಾರದ ಲೇವಾದೇವಿ ಇದು! 2001ರಲ್ಲಿ ಈ ಇಬ್ಬರು ಆ ದಾರಿಯನ್ನು ಬಿಟ್ಟು ಸ್ವಂತ ಸಂಸ್ಥೆ ಹೂಡಿದರು. ಬೆಟ್ಟದಲ್ಲಿ ವಸಂತಕ್ಕೆ ಮುಂಚಿತವಾಗಿಯೇ ಅರಳುವ ಪುಟ್ಟ ಹೂವೊಂದರ ನೆನಪಿನಲ್ಲಿ ಅದಕ್ಕೆ ‘ಅಕೋನಿ’ ಎಂದು ಹೆಸರಿಟ್ಟರು. ಅದೇ ವರ್ಷ ‘ಟೈಮ್’ ಎಂದು ಮೊದಲಾಗುವ ಹೆಸರಿನ ಮುದ್ರಿಕೆ ಹೊರಬಂದಿತು. ಬಹುಮಟ್ಟಿಗೆ ಎರಡು ಕಂಠ, ಎರಡು ತಂತಿವಾದ್ಯ, ಅಷ್ಟೆ. ಆ ವೇಳೆಗೆ ಗಣಕಯಂತ್ರಗಳ ಮೂಲಕ ಹಾಡುಗಳನ್ನು ಬಿಟ್ಟಿಯಾಗಿ ಹಂಚಿಕೊಳ್ಳುವುದು ಆರಂಭವಾಗಿತ್ತು. ಕೂಲಿ ಸಿಕ್ಕದಿದ್ದರೆ ಹಾಡುಗಾರನು ಮನೆಯಲ್ಲೇ ಹಾಡಿಕೊಂಡಿರಬಹುದಲ್ಲ ಎಂಬ ಭಾವದ ಹಾಡೊಂದು ಅದರಲ್ಲಿದೆ. ಮುಂದೆ ಎಷ್ಟೋ ಗಾಯಕರು ಅದನ್ನು ತಮ್ಮದಾಗಿಸಿಕೊಂಡು ಹಾಡಿದರು.

ಸ್ವಾತಂತ್ರ್ಯವೆಂದರೆ ಸುಮ್ಮನಿರುವ ಸ್ವಾತಂತ್ರ್ಯವೂ ಹೌದು. 2003ರ ಮುದ್ರಿಕೆಯ ತರುವಾಯ ವೆಲ್ಚ್ ಹೆಸರಿನಲ್ಲಿ ಮತ್ತೊಂದು ಬಂದದ್ದು 2011ರಲ್ಲಿ. ನಡುವೆ ಬರೆದುವು ತಮಗೇ ಒಪ್ಪಿಗೆಯಾಗದೆ ಹೊರಗೆ ಬಿಡಲಿಲ್ಲ. ಆ 2011ರ ಮುದ್ರಿಕೆಯನ್ನು ಗ್ರಾಮಫೋನು ತಟ್ಟೆಯಾಗಿ ತರಲು 2017ರವರೆಗೆ ಕಾದರು. ತಟ್ಟೆಯ ಗೆರೆ ಕೊರೆಯುವ ಯಂತ್ರವನ್ನೇ ಕೊಂಡು ತಂದರು. ಯಾವ ಕಂಪನಿಯ ಗುಮಾಸ್ತನು ಇಷ್ಟು ತಾಳ್ಮೆ ತೋರಿಯಾನು?

ಅವರ ನೆಲೆ ನ್ಯಾಷ್‌ವಿಲ್ಲಿನ ಪೂರ್ವಭಾಗದ ವುಡ್‌ಲೆಂಡ್ ಸ್ಟುಡಿಯೊ. ಹಿಂದೆ ಸಿನಿಮಾ ಮಂದಿರವಾಗಿದ್ದ ಕಟ್ಟಡ. ಅವರ ಮೂಲ ಟೇಪುಗಳೆಲ್ಲ ಅಲ್ಲಿಯೇ ಇದ್ದುವು. 2020ರ ಮಾರ್ಚ್ 3ರಂದು, ನಡುರಾತ್ರಿ ಕಳೆದ ಮೇಲೆ, ಸುಂಟರಗಾಳಿ ಆ ಬಡಾವಣೆಯ ಮೇಲೆ ಹಾದುಹೋಯಿತು. ಸ್ಟುಡಿಯೊದ ಮಾಡು ಹಾರಿಹೋಗಿ ಮಳೆ ಒಳಗೆ ಸುರಿಯತೊಡಗಿತು. ದಂಪತಿಗಳಂತೆ ಬಾಳಿದ ಆ ಇಬ್ಬರು ಜೊತೆಯವರನ್ನು ಕೂಡಿಕೊಂಡು, ಕತ್ತಲೆಯಲ್ಲೇ, ಟೇಪುಗಳನ್ನೂ ವಾದ್ಯಗಳನ್ನೂ ಹೊತ್ತು ಕಾಪಾಡಿದರು. ಇಷ್ಟು ದಿನ ಕಾಗದದ ಮೇಲಿದ್ದ ಒಡೆತನ ಆ ರಾತ್ರಿ ತೋಳಿನ ಮೇಲೆ ಬಂದಿತು. ಟೇಪು ತಮ್ಮದಾದರೆ ಅದು ನೆನೆಯುವ ಭಯವೂ ತಮ್ಮದೇ.

ಉಳಿದುಬಂದ ಟೇಪುಗಳಲ್ಲಿ 2002ರಲ್ಲಿ ಹಳೆಯ ಕರಾರೊಂದನ್ನು ತೀರಿಸಲು ಅವಸರದಲ್ಲಿ ಹಾಡಿಟ್ಟು ಮರೆತಿದ್ದ ಹಾಡುಗಳಿದ್ದುವು. ಅದೇ ವರ್ಷ 48 ಹಾಡುಗಳನ್ನು ಮೂರು ಸಂಪುಟಗಳಾಗಿ ಪ್ರಕಟಿಸಿದರು. ಸಾಂಕ್ರಾಮಿಕದ ದಿನಗಳಲ್ಲಿ ಮನೆಯಲ್ಲೇ ಕುಳಿತು ಇತರರ ಹಾಡುಗಳನ್ನು ಟೇಪಿಗೆ ಹಾಡಿದ ಮತ್ತೊಂದು ಮುದ್ರಿಕೆಗೆ 2021ರಲ್ಲಿ ಗ್ರ್ಯಾಮಿ ಬಹುಮಾನ ಬಂದಿತು. ಆವರೆಗಿನ ಜೋಡಿಗಾಯನವೆಲ್ಲ ಆಕೆಯ ಹೆಸರಿನಲ್ಲೋ ಆತನ ಹೆಸರಿನಲ್ಲೋ ಹೊರಬಂದಿತ್ತು. ಹೊದಿಕೆಯ ಮೇಲೆ ಇಬ್ಬರ ಹೆಸರೂ ಜೊತೆಯಾಗಿ ಬಂದದ್ದು ಇದರಲ್ಲೇ ಮೊದಲು. ಕಟ್ಟಡವನ್ನು ದುರಸ್ತಿಮಾಡಿ, ಅಲ್ಲಿಯೇ ಹಾಡಿ, 2024ರಲ್ಲಿ ತಂದ ಹತ್ತು ಹಾಡುಗಳ ಮುದ್ರಿಕೆಗೆ ಆ ಕಟ್ಟಡದ ಹೆಸರನ್ನೇ ಇಟ್ಟಿದ್ದಾರೆ.