ಹುಲಿ ಎಣಿಸೋದು ಹೇಗೆ? ಒಂದು ಸೊನ್ನೆಯ ಕಥೆ

ಕಾಡಿನ ಲೆಕ್ಕ ಸರಣಿ, ಭಾಗ 4. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಹಿಂದಿನ ಪೋಸ್ಟ್ ನೋಡಿ ಕ್ಲಾಸ್‌ಮೇಟ್ ಒಬ್ಬಳು ಕೇಳಿದ್ಳು: "ಸಫಾರಿಗೆ ಮೂರು ಸಲ ಹೋದ್ರೂ ನಂಗೆ ಒಂದು ಹುಲಿ ಕಾಣ್ಲಿಲ್ಲ. ಕರ್ನಾಟಕದಲ್ಲಿ 563 ಹುಲಿ ಇದೆ ಅಂತ ಅದ್ಹೇಗೆ ಹೇಳ್ತಾರೆ ಕಣೇ?" ಉತ್ತರ ಹೇಳೋಕೆ ಐವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

1/6 ಹೆಜ್ಜೆ

1972ರಲ್ಲಿ ಇಡೀ ದೇಶದಲ್ಲಿ ಮೊದಲ ಸಲ ಹುಲಿ ಎಣಿಸಿದರು. ಬಂದ ಸಂಖ್ಯೆ 1,827. ಮರುವರ್ಷ ಏಪ್ರಿಲ್ 1ಕ್ಕೆ ಹುಲಿ ಯೋಜನೆ ಶುರುವಾಯ್ತು. ಮೊದಲ ಒಂಬತ್ತು ಮೀಸಲು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಆಗ ಎಣಿಸಿದ್ದು ಹುಲಿಯನ್ನಲ್ಲ, ಹೆಜ್ಜೆ ಗುರುತನ್ನ. ಒಡಿಶಾದ ಅರಣ್ಯಾಧಿಕಾರಿ ಎಸ್. ಆರ್. ಚೌಧುರಿ ಈ ಪದ್ಧತಿ ರೂಪಿಸಿದವರು. ಗಾರ್ಡುಗಳು ಧೂಳಿನ ದಾರಿಯಲ್ಲಿ ನಡೆದು ಹೆಜ್ಜೆ ಹುಡುಕ್ತಿದ್ದರು. ಗುರುತಿನ ಮೇಲೆ ಗಾಜು ಹಿಡಿದು ಅಚ್ಚು ತೆಗೀತಿದ್ದರು. ಎಲ್ಲಾ ಅಚ್ಚುಗಳನ್ನ ಒಟ್ಟಿಗೆ ಹರಡಿ "ಇದು ಬೇರೆ ಹುಲಿ, ಇದು ಅದೇ ಹುಲಿ" ಅಂತ ವಿಂಗಡಿಸ್ತಿದ್ದರು. ಅವತ್ತಿನ ಕಾಲಕ್ಕೆ ಅದು ದೊಡ್ಡ ಕೆಲಸವೇ.

2/6 ಅನುಮಾನ

ಆದ್ರೆ ಒಂದೇ ಕಾಲು ಕೆಸರಲ್ಲಿ ಒಂಥರ, ಮರಳಲ್ಲಿ ಇನ್ನೊಂಥರ ಮೂಡುತ್ತೆ. ಕಲ್ಲು ನೆಲದಲ್ಲಿ ಮೂಡೋದೇ ಇಲ್ಲ. ಹಾಗಾದ್ರೆ ಸಿಗದೇ ಹೋದ ಹೆಜ್ಜೆಗಳ ಲೆಕ್ಕ?

ಇದನ್ನ ಗಟ್ಟಿಯಾಗಿ ಕೇಳಿದವರು ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ. ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಆಮೇಲೆ ಕಾಡಿನ ಕಡೆ ತಿರುಗಿದವರು. ಬೋನಲ್ಲಿದ್ದ ನಾಲ್ಕು ಹುಲಿಗಳ ಹೆಜ್ಜೆ ಅಚ್ಚುಗಳನ್ನ ಅವರು ಅನುಭವಿ ಅಧಿಕಾರಿಗಳ ಮುಂದಿಟ್ಟು "ಎಷ್ಟು ಹುಲಿ ಹೇಳಿ" ಅಂದರು. ಸರಿ ಉತ್ತರ ಬರಲಿಲ್ಲ. ತಪ್ಪು ಆ ಅಧಿಕಾರಿಗಳದ್ದಲ್ಲ, ಪದ್ಧತಿಯದ್ದು.

3/6 ಹುಣಸೆ ಬೀಜ

ಇನ್ನೇನು ದಾರಿ? ಮನೇಲೇ ಮಾಡಿ ನೋಡಬಹುದು. ಒಂದು ಡಬ್ಬಿ ತುಂಬ ಹುಣಸೆ ಬೀಜ ತಗೊಳ್ಳಿ, ಎಣಿಸಬೇಡಿ. 50 ಬೀಜ ತೆಗೆದು ಬಿಳಿ ಚುಕ್ಕೆ ಇಟ್ಟು ವಾಪಸ್ ಹಾಕಿ ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ 40 ತೆಗೀರಿ. ಅದ್ರಲ್ಲಿ 10ಕ್ಕೆ ಚುಕ್ಕೆ ಇದೆ ಅಂದ್ಕೊಳ್ಳಿ. ಅಂದ್ರೆ ತೆಗೆದದ್ರಲ್ಲಿ ಕಾಲು ಭಾಗ ಚುಕ್ಕೆಯವು. ಡಬ್ಬಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಪಾಲು ಇರ್ಬೇಕು. 50 ಅನ್ನೋದು ಕಾಲು ಭಾಗವಾದ್ರೆ ಒಟ್ಟು ಸುಮಾರು 200.

ಎಲ್ಲಾ ಬೀಜ ನೋಡದೇನೇ ಒಟ್ಟು ಎಷ್ಟು ಅಂತ ಅಂದಾಜು ಸಿಕ್ತು ಅಲ್ವಾ? ಹಿಡಿ, ಗುರುತು ಮಾಡು, ಬಿಡು, ಮತ್ತೆ ಹಿಡಿ. ಇಷ್ಟೇ ಸೂತ್ರ.

4/6 ಪಟ್ಟೆ

ಹುಲಿಗೆ ಚುಕ್ಕೆ ಇಡೋರು ಯಾರು? ಯಾರೂ ಬೇಡ, ಪಟ್ಟೆ ಇದೆಯಲ್ಲ. ನಮ್ಮ ಬೆರಳಚ್ಚಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡ ಮೈಯ ಪಟ್ಟೆಗೂ ಬಲ ಮೈಯ ಪಟ್ಟೆಗೂ ಹೋಲಿಕೆ ಇರಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ತಾರೆ. ಹುಲಿ ನಡುವೆ ಹಾದುಹೋದ್ರೆ ಎರಡೂ ಒಟ್ಟಿಗೆ ಕ್ಲಿಕ್.

ಕಾರಂತರು ನಾಗರಹೊಳೆಯಲ್ಲಿ 1990ರ ದಶಕದ ಮೊದಲಲ್ಲೇ ಇದನ್ನ ಮಾಡಿದರು. ಆಗ ಫಿಲ್ಮ್ ರೋಲ್ ಕಾಲ. ಮುಗಿದಾಗ ನಡೆದು ಹೋಗಿ ಬದಲಾಯಿಸ್ಬೇಕು, ತೊಳೆಸ್ಬೇಕು, ಪಟ್ಟೆ ಕಣ್ಣಲ್ಲೇ ಹೋಲಿಸ್ಬೇಕು. 1995ರಲ್ಲಿ ಪ್ರಬಂಧ ಪ್ರಕಟವಾಯ್ತು. ಹುಲಿ ಹುಣಸೆ ಬೀಜ ಅಲ್ಲ, ಕೆಲವು ದಿನಾ ಅದೇ ದಾರಿಗೆ ಬರ್ತವೆ, ಕೆಲವು ಬರೋದೇ ಕಡಿಮೆ. ಆ ವ್ಯತ್ಯಾಸವನ್ನೂ ಲೆಕ್ಕಕ್ಕೆ ತರೋಕೆ ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಕೆಲಸ ಮಾಡಿದರು.

5/6 ಸರಿಸ್ಕಾ

ಆದ್ರೂ ದೇಶದ ಲೆಕ್ಕ ಹೆಜ್ಜೆಯಲ್ಲೇ ನಡೀತಾ ಇತ್ತು. 2001-02ರ ಸಂಖ್ಯೆ 3,642. ಎಲ್ಲರಿಗೂ ಖುಷಿ.

ಆಮೇಲೆ ರಾಜಸ್ಥಾನದ ಸರಿಸ್ಕಾ ಸುದ್ದಿ ಬಂತು. 2004ರ ಕಾಗದದಲ್ಲಿ ಹದಿನೈದಕ್ಕೂ ಹೆಚ್ಚು ಹುಲಿ. 2005ರಲ್ಲಿ ಹುಡುಕಿದರೆ ಒಂದೂ ಇಲ್ಲ. ಕಳ್ಳಬೇಟೆಗಾರರು ಖಾಲಿ ಮಾಡಿದ್ದರು. ಸತ್ತ ಹುಲಿಗಳು ಪುಸ್ತಕದಲ್ಲಿ ಬದುಕಿದ್ದವು.

ದೇಶವೇ ಬೆಚ್ಚಿತು. ಪ್ರಧಾನಿ ಕಾರ್ಯಪಡೆ ನೇಮಿಸಿದರು, ಹೆಜ್ಜೆ ಎಣಿಕೆ ಕೈಬಿಡಲಾಯ್ತು. 2006ರ ಹೊಸ ಎಣಿಕೆಯ ಫಲಿತಾಂಶ 2008ರಲ್ಲಿ ಬಂತು: 1,411. "ಅರ್ಧಕ್ಕಿಂತ ಹೆಚ್ಚು ಹುಲಿ ಸತ್ತವು" ಅಂತ ಈಗ್ಲೂ ಕೆಲವರು ರೀಲ್ಸ್ ಮಾಡ್ತಾರೆ. ಹಾಗಲ್ಲ. ಅಳತೆಗೋಲೇ ಬದಲಾದಾಗ ಹಳೇ ಸಂಖ್ಯೆಯಿಂದ ಹೊಸದನ್ನ ಕಳೆಯೋಕಾಗಲ್ಲ. ಹುಲಿ ಕಮ್ಮಿಯಾಗಿದ್ದೂ ನಿಜ, ಹಳೇ ಲೆಕ್ಕ ನಂಬೋ ಹಾಗಿರಲಿಲ್ಲ ಅನ್ನೋದೂ ನಿಜ.

2022ರಲ್ಲಿ ದೇಶದ ಸರಾಸರಿ ಅಂದಾಜು 3,682. ಕನಿಷ್ಠ 3,167, ಗರಿಷ್ಠ 3,925. ಒಂದೇ ಸಂಖ್ಯೆ ಹೇಳದೆ "ಇಷ್ಟರಿಂದ ಇಷ್ಟರೊಳಗೆ" ಅನ್ನೋದು ಸೋಲಲ್ಲ, ಪ್ರಾಮಾಣಿಕತೆ.

6/6 ಸೊನ್ನೆ

ಕೊನೆಗೆ ನನ್ನ ಕಥೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ, ಕಡವೆಯಂಥ ಪ್ರಾಣಿ ಬೇಕು. ಅದಕ್ಕೇ ಅವನ್ನೂ ಎಣಿಸ್ತಾರೆ. ನೇರ ಗೆರೆಯಂಥ ದಾರಿಯಲ್ಲಿ ಬೆಳಿಗ್ಗೆ ಸದ್ದಿಲ್ಲದೆ ನಡೆದು, ಕಂಡ ಪ್ರಾಣಿ ಎಷ್ಟು, ಎಷ್ಟು ದೂರದಲ್ಲಿ ಅಂತ ಬರೀಬೇಕು. ನಾನು ವಾಲಂಟಿಯರ್ ಆಗಿ ಹೋಗಿದ್ದೆ.

ಎರಡನೇ ದಿನ ಪೂರ್ತಿ ನಡೆದ್ರೂ ಏನೂ ಕಾಣ್ಲಿಲ್ಲ. ಬೇರೆ ಟೀಮಿನವರು ಕಾಟಿ, ಕಡವೆ ಅಂತ ತುಂಬಿಸಿರ್ತಾರೆ, ನಂದು ಖಾಲಿ ಹಾಳೆ. ದೂರದಲ್ಲಿ ಪೊದೆ ಅಲ್ಲಾಡಿತ್ತು. "ಅಣ್ಣ, ಎರಡು ಜಿಂಕೆ ಅಂತ ಬರೀಲಾ?" ಅಂದೆ. ಜೊತೆಗಿದ್ದ ವಾಚರ್ ಅಣ್ಣ ಪಕ್ಕದ ಹಾಡಿಯವರು, ಹೆಜ್ಜೆ ಎಣಿಕೆ ಕಾಲದಿಂದ ಕಾಡು ಸುತ್ತಿದವರು. ನಕ್ಕು ಅಂದ್ರು: "ನೋಡಿದ್ರಾ ಮೇಡಂ? ಇಲ್ಲ ತಾನೆ? ಏನೂ ಕಾಣ್ಲಿಲ್ಲ ಅಂದ್ರೆ ಅದೂ ಲೆಕ್ಕಾನೇ."

ಸೊನ್ನೆ ಬರೆದೆ. ಕೈ ಸ್ವಲ್ಪ ನಡುಗ್ತು, ನಿಜ ಹೇಳ್ತೀನಿ.

ಸರಿಸ್ಕಾ ನೆನಪಾಯ್ತು. ಅಲ್ಲಿ ಹುಲಿ ಒಂದೇ ದಿನ ಹೋಗಿರಲ್ಲ. ಐದು ಆಗಿತ್ತು, ಎರಡು ಆಗಿತ್ತು ಅನ್ನೋ ದಿನಗಳೂ ಇದ್ದಿರ್ಬೇಕು. ಆ ದಿನಗಳ ನಿಜವಾದ ಸಂಖ್ಯೆ ಪುಸ್ತಕಕ್ಕೆ ಬಂದಿದ್ರೆ ಉಳಿದವನ್ನಾದ್ರೂ ಕಾಯಬಹುದಿತ್ತು.

ಹುಣಸೆ ಬೀಜದ ಲೆಕ್ಕ ಮಾಡಿ ನೋಡಿ, ನಿಮ್ಮ ಉತ್ತರ ನಿಜಕ್ಕೆ ಎಷ್ಟು ಹತ್ರ ಬಂತು ಅಂತ ಕಾಮೆಂಟಲ್ಲಿ ಹಾಕಿ. ತಪ್ಪಿದ್ರೂ ಹಾಕಿ. ತಿದ್ದಿ ಬರೀಬೇಡಿ, ಅಷ್ಟೇ.

#ಕಾಡಿನ_ಲೆಕ್ಕ #ನಾಗರಹೊಳೆ #ಹುಲಿ_ಎಣಿಕೆ #ಕನ್ನಡದಲ್ಲಿ_ವಿಜ್ಞಾನ