ಹರಿಹರದ ಶಾಸನ, ಆಟೋನಗರದ ಬ್ಯಾಂಕ್ ಗ್ಯಾರಂಟಿ

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕ್ ಕೆಲಸ. ಗಾರೆ ಕಲಸೋದು ನನಗೆ ಗೊತ್ತಿಲ್ಲ. ಆದರೆ ವಿಜಯವಾಡದ ಆಟೋನಗರದ ಶಾಖೆಯಲ್ಲಿ ಕೂತ ವರ್ಷಗಳಲ್ಲಿ ಕಟ್ಟಡ ಗುತ್ತಿಗೆಗಳ ಕಾಗದ ನೋಡಿದಷ್ಟು ಬೇರೇನನ್ನೂ ನೋಡಿಲ್ಲ. ಅರವತ್ತರ ದಶಕದಲ್ಲಿ ಲಾರಿ ರಿಪೇರಿಗೆಂದು ಹುಟ್ಟಿದ ಬಡಾವಣೆ ಇದು. ಬೆಳಗಾದರೆ ಬಾಡಿ ಕಟ್ಟುವವರ ಸುತ್ತಿಗೆ ಸದ್ದು. ಟಿಪ್ಪರ್ ಇರುವ ಕಡೆ ಗುತ್ತಿಗೆದಾರ ಇರ್ತಾನೆ, ಗುತ್ತಿಗೆದಾರ ಇರುವ ಕಡೆ ಬ್ಯಾಂಕ್ ಗ್ಯಾರಂಟಿ ಇರುತ್ತೆ!

ಇರಲಿ, ಮೊದಲು ನಮ್ಮೂರ ಕಡೆ ಹೋಗೋಣ. ನಾನು ಹರಿಹರದ ಕಡೆಯವನು. ಸೂಳೆಕೆರೆಯಿಂದ ಹರಿದು ಬಂದು ತುಂಗಭದ್ರೆ ಸೇರುವ ಹರಿದ್ರಾ ಹೊಳೆಗೆ 1410ರಲ್ಲಿ, ಒಂದನೇ ದೇವರಾಯನ ಕಾಲದಲ್ಲಿ, ಅಣೆಕಟ್ಟು ಕಟ್ಟುವ ಒಪ್ಪಂದವೊಂದು ನಡೀತು. ಅದು ಶಾಸನದಲ್ಲಿದೆ. ಕಟ್ಟುವ ಖರ್ಚು ಬ್ರಾಹ್ಮಣರದ್ದು, ಕಾಲುವೆ ಹಾಯುವ ನೆಲ ಹರಿಹರೇಶ್ವರ ದೇವರದ್ದು. ನೀರು ಕಂಡ ಭೂಮಿಯಲ್ಲಿ ಮೂರು ಪಾಲು: ಎರಡು ದೇವರಿಗೆ, ಒಂದು ಕಟ್ಟಿದವರಿಗೆ. ಇವತ್ತು ಬಿಓಟಿ ಅಂತಾರಲ್ಲ, ಸ್ವಂತ ದುಡ್ಡಲ್ಲಿ ರಸ್ತೆ ಕಟ್ಟಿ ಟೋಲ್‌ನಲ್ಲಿ ವಸೂಲು ಮಾಡೋದು, ಅದರ ಅಜ್ಜ ಇದು. 1424ರ ಹೊತ್ತಿಗೆ ಆ ಕಟ್ಟೆ ಒಡೆದಿತ್ತು. ದಂಡನಾಯಕ ಚಾಮನೃಪನ ನೆರವಿನಿಂದ ಮತ್ತೆ ಕಟ್ಟಿಸಿದರು. ಒಡೆದಾಗ ಯಾರು ಹೊಣೆ ಅನ್ನುವ ಪ್ರಶ್ನೆ ಆಗಲೇ ಇತ್ತು ಅಂತಾಯ್ತು.

ಇನ್ನೊಂದು ಬಗೆ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. 1369ರ ಶಾಸನದ ಪ್ರಕಾರ ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಬಂಡಿ, ಎರಡು ವರ್ಷ ಕೆಲಸ. ಅರಮನೆಯೇ ಕೂಲಿ ಕೊಟ್ಟು ಮಾಡಿಸಿದ್ದು, ಇಲಾಖೆ ಕೆಲಸ ಅನ್ನಬಹುದು. ಮೂರನೇ ಬಗೆ ನಮ್ಮ ಕಟ್ಟುಗೊಡಗೆ: ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಕೆರೆ ಕೆಳಗಿನ ಭೂಮಿ. ಕೆರೆಯಲ್ಲಿ ನೀರು ನಿಂತರೆ ಮಾತ್ರ ಆ ಗದ್ದೆಗೆ ಬೆಲೆ. ಹಾಗಾಗಿ ಕಳಪೆ ಕೆಲಸ ಮಾಡಿದವನಿಗೇ ನಷ್ಟ. ಇದಕ್ಕಿಂತ ಒಳ್ಳೆ ಗ್ಯಾರಂಟಿ ನಾನು ಬ್ಯಾಂಕಿನಲ್ಲಿ ನೋಡಿಲ್ಲ.

ಆಮೇಲೆ ಇಂಗ್ಲಿಷರು ಬಂದರು. ವಿಜಯವಾಡದಲ್ಲಿ ಕೃಷ್ಣೆಗೆ 1852ರಿಂದ 1855ರವರೆಗೆ ಕ್ಯಾಪ್ಟನ್ ಚಾರ್ಲ್ಸ್ ಆರ್ ನೇತೃತ್ವದಲ್ಲಿ ಆನಿಕಟ್ಟು ಎದ್ದಿತು. ಸುಮಾರು ನೂರು ವರ್ಷ ಬಾಳಿ 1952ರಲ್ಲಿ ಒಡೆಯಿತು. ಅದರ ಜಾಗದಲ್ಲಿ 1954ರಲ್ಲಿ ಶುರುವಾಗಿ 1957ರಲ್ಲಿ ಮುಗಿದದ್ದು ಇವತ್ತಿನ ಪ್ರಕಾಶಂ ಬ್ಯಾರೇಜ್, 70 ಗೇಟು. ಈ ನಡುವೆ 1872ರಲ್ಲಿ ಭಾರತೀಯ ಕರಾರು ಕಾಯ್ದೆ ಬಂತು. ನೂರೈವತ್ತು ವರ್ಷ ದಾಟಿದರೂ ಇವತ್ತಿಗೂ ಎಲ್ಲ ಗುತ್ತಿಗೆಗೂ ಅದೇ ತಳಪಾಯ.

ಈಗಿನ ಗುತ್ತಿಗೆಗಳ ಬಗೆ ಹೇಳಿಬಿಡ್ತೀನಿ. ಐಟಂ ರೇಟ್ ಅಂದ್ರೆ ಘನ ಮೀಟರಿಗೆ ಇಷ್ಟು ಅಂತ ದರ. ಅಳತೆ ಹೆಚ್ಚಾದರೆ ಭಾರ ಮಾಲೀಕನದ್ದು. ಲಂಪ್‌ಸಮ್ ಅಂದ್ರೆ ಒಟ್ಟು ಮೊತ್ತ, ಲೆಕ್ಕ ತಪ್ಪಿದರೆ ಗುತ್ತಿಗೆದಾರನ ಹಣೆಬರಹ. ಇಪಿಸಿಯಲ್ಲಿ ವಿನ್ಯಾಸವೂ ಅವನದೇ. ಕಾಸ್ಟ್ ಪ್ಲಸ್‌ನಲ್ಲಿ ಖರ್ಚಿನ ಮೇಲೆ ಲಾಭ. ನಾವು ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಚದರಕ್ಕಿಷ್ಟು ಅಂತ ಕೊಡ್ತೀವಲ್ಲ, ಸಿಮೆಂಟ್ ನಮ್ಮದು, ಅದು ಲೇಬರ್ ಗುತ್ತಿಗೆ. ಹೆಸರು ಯಾವುದೇ ಇರಲಿ, ಪ್ರಶ್ನೆ ಒಂದೇ: ಲೆಕ್ಕ ತಪ್ಪಿದಾಗ ಪೆಟ್ಟು ಯಾರಿಗೆ?

ಈಗ ನನ್ನನ್ನು ಕೊರೆಯುವ ಕತೆ. 2009ರಲ್ಲಿ ನಮ್ಮ ಶಾಖೆಗೆ ಗಂಗಾವತಿ ಕಡೆಯ ಒಬ್ಬರು ಬರುತ್ತಿದ್ದರು. ನಾಲ್ಕು ಟಿಪ್ಪರ್ ಇದ್ದ ಸಣ್ಣ ಗುತ್ತಿಗೆದಾರ. ಕನ್ನಡದವನು ಅಂತ ನನ್ನ ಮೇಲೆ ಬಹಳ ನಂಬಿಕೆ. ಕಾಲುವೆ ಲೈನಿಂಗ್ ಕೆಲಸವನ್ನು ದೊಡ್ಡ ಕಂಪನಿಯೊಂದರಿಂದ ಉಪಗುತ್ತಿಗೆ ಹಿಡಿದರು. 18 ಲಕ್ಷದ ಗ್ಯಾರಂಟಿ ಬೇಕಿತ್ತು. ಕಾಗದ ನಾನೇ ತಯಾರು ಮಾಡಿದೆ. ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಕಾಫಿ ಕುಡಿದು ಹೋದರು.

ಕೆಲಸದ ಜಾಗ ಅವರ ಕೈಗೆ ಬಂದದ್ದು ಐದು ತಿಂಗಳು ತಡವಾಗಿ. ಅಷ್ಟರಲ್ಲಿ ಮಳೆ. "ಸಾರ್, ಅವರದೇ ತಪ್ಪು, ಅವರಿಗೇ ಗೊತ್ತಲ್ಲ" ಅಂತ ಒಂದು ಪತ್ರವನ್ನೂ ಬರೆಯಲಿಲ್ಲ. ಒಂದು ಮಧ್ಯಾಹ್ನ ಕಂಪನಿಯಿಂದ ಒಂದು ಪುಟದ ಪತ್ರ ಬಂತು: ಕರಾರು ಮುರಿದಿದ್ದಾರೆ, ಗ್ಯಾರಂಟಿ ಹಣ ಕೊಡಿ.

ಕಾನೂನು ಇಲ್ಲಿ ವಿಚಿತ್ರ. 1987ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ನಮ್ಮ ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ಸ್ ವಿರುದ್ಧ ಕರ್ನಾಟಕ ಸರ್ಕಾರ ಹೋರಾಡಿದ ಮೊಕದ್ದಮೆಯಲ್ಲಿ, ಕರಾರು ಮುರಿದದ್ದು ಹೌದೋ ಅಲ್ಲವೋ ಅನ್ನುವ ವಿವಾದ ಇದ್ದಾಗ ಒಂದು ಪಕ್ಷದವರೇ ನ್ಯಾಯಾಧೀಶರಾಗುವಂತಿಲ್ಲ ಅಂದಿತು. ವಿಷಯ ಭತ್ತದ್ದು, ಆದರೆ 2011ರ ಜೆ.ಜಿ. ಎಂಜಿನಿಯರ್ಸ್ ತೀರ್ಪಿನಲ್ಲಿ ಕಟ್ಟಡ ಗುತ್ತಿಗೆಗೂ ಅದೇ ಅನ್ವಯವಾಯಿತು. ಅದೇ 1987ರಲ್ಲಿ ಸಿಂಗ್ ಕನ್ಸಲ್ಟೆಂಟ್ಸ್ ಪ್ರಕರಣದಲ್ಲಿ ಇನ್ನೊಂದು ಮಾತು: ಷರತ್ತಿಲ್ಲದ ಬ್ಯಾಂಕ್ ಗ್ಯಾರಂಟಿ ಬೇರೆಯೇ ಕರಾರು. ಕೇಳಿದಾಗ ಬ್ಯಾಂಕ್ ಕೊಡಬೇಕು. ಮೋಸ, ಸರಿಪಡಿಸಲಾಗದ ಅನ್ಯಾಯದಂಥ ಅಪರೂಪದ ಸಂದರ್ಭ ಬಿಟ್ಟರೆ ಕೋರ್ಟೂ ತಡೆಯೋದಿಲ್ಲ. ಅಂದರೆ ಮೊದಲು ದುಡ್ಡು ಕೊಡು, ಆಮೇಲೆ ವಾದ ಮಾಡು.

ನಾನು ಕೊಟ್ಟೆ. ಬ್ಯಾಂಕಿನವನಾಗಿ ನಾನು ಮಾಡಿದ್ದು ಸರಿ. ಎರಡು ಟಿಪ್ಪರ್ ಅದೇ ಆಟೋನಗರದಲ್ಲಿ ಮಾರಿಹೋದವು. ಪಂಚಾಯ್ತಿದಾರರ ಮುಂದೆ ಆರು ವರ್ಷ ನಡೆದು 2015ರಲ್ಲಿ ಒಂದಿಷ್ಟು ಹಣ ವಾಪಸ್ ಬಂತು. ಪತ್ರಗಳೇ ಇಲ್ಲದ್ದರಿಂದ ಪೂರ್ತಿ ಬರಲಿಲ್ಲ. ಅಷ್ಟರಲ್ಲಿ ಅವರು ಊರಿಗೆ ಹೋಗಿ ಭತ್ತ ಬೆಳೆಯುತ್ತಿದ್ದರು.

ಕಾಯ್ದೆ ಅವರ ಪರವಾಗಿಯೇ ಇತ್ತು ಸ್ವಾಮಿ! 53ನೇ ಕಲಂ ಪ್ರಕಾರ ಕೆಲಸ ಮಾಡಲು ಬಿಡದೆ ತಡೆದವನೇ ನಷ್ಟ ತುಂಬಬೇಕು. 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ದಂಡ ಗರಿಷ್ಠ ಮಿತಿ ಮಾತ್ರ, ನ್ಯಾಯವಾದಷ್ಟೇ ಸಿಗೋದು. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಅಂತ 2015ರ ಕೈಲಾಶ್ ನಾಥ್ ತೀರ್ಪು ಹೇಳಿದೆ. ಆದರೆ ತಡವಾದ ದಿನವೇ ನೋಟಿಸ್ ಕೊಟ್ಟಿರಬೇಕು.

"ಕೇಳಿದ ತಕ್ಷಣ, ತಕರಾರಿಲ್ಲದೆ" ಅನ್ನುವ ಆ ಎರಡು ಪದದ ಅರ್ಥವನ್ನು ಅವತ್ತು ಕಾಫಿ ಕುಡಿಯುವಾಗ ನಾನು ಕನ್ನಡದಲ್ಲಿ ಹೇಳಬಹುದಿತ್ತು. ಐದು ನಿಮಿಷದ ಕೆಲಸ. ಹೇಳಲಿಲ್ಲ. ಆಮೇಲಿಂದ ಗ್ಯಾರಂಟಿಗೆ ಬಂದ ಪ್ರತಿಯೊಬ್ಬರಿಗೂ ಓದಿ ಹೇಳಿಯೇ ಸಹಿ ಹಾಕಿಸಿದ್ದೇನೆ, ತೆಲುಗಿನವರಿಗೆ ತೆಲುಗಿನಲ್ಲಿ.

ಪರಊರಲ್ಲಿ ಮನೆ ಕಟ್ಟಿಸುವ, ಫ್ಲಾಟ್ ಕೊಳ್ಳುವ ನಮ್ಮವರಿಗೂ ಒಂದು ಮಾತು. 2016ರ ರೇರಾ ಕಾಯ್ದೆಯಲ್ಲಿ, ಸ್ವಾಧೀನ ಸಿಕ್ಕ ಐದು ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಬಿರುಕು ಕಂಡ ದಿನವೇ ಬರೆದು ತಿಳಿಸಿ, ರಶೀದಿ ಇಟ್ಟುಕೊಳ್ಳಿ. ಹರಿಹರದವರು ಕಲ್ಲಿನ ಮೇಲೆ ಬರೆಸಿದರು, ಆರು ನೂರು ವರ್ಷ ಆದಮೇಲೂ ಯಾರ ಪಾಲು ಎಷ್ಟು ಅಂತ ಓದಬಹುದು. ನಮಗೆ ಒಂದು ಪತ್ರ ಬರೆದು ಕಳಿಸಲು ಸೋಮಾರಿತನ...